ಲಿಪ್‌ಮನ್ ತೆರೆದ ಎರಡು ದಾರಿಗಳು

ಮೂರು ಆಯಾಮದ ಚಿತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಲೇಸರ್‌ನಿಂದ ಆರಂಭಿಸುತ್ತಾರೆ. ಆದರೆ ಅದು ಫ್ರಾನ್ಸಿನ ಭೌತವಿಜ್ಞಾನಿ ಗೇಬ್ರಿಯಲ್ ಲಿಪ್‌ಮನ್ ಅವರಿಂದ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1908ರಲ್ಲಿ ಅವರು ಒಂದು ಹೊಸ ವಿಧಾನವನ್ನು ಸೂಚಿಸಿದರು. ಛಾಯಾಚಿತ್ರದ ಫಲಕದ ಮುಂದೆ ಒಂದೇ ದೊಡ್ಡ ಮಸೂರದ ಬದಲು ನೊಣದ ಕಣ್ಣಿನಂತೆ ಒತ್ತೊತ್ತಾಗಿ ಜೋಡಿಸಿದ ಪುಟ್ಟ ಮಸೂರಗಳ ಹಾಳೆಯನ್ನಿಟ್ಟರೆ, ಪ್ರತಿಯೊಂದು ಮಸೂರವೂ ತಾನಿರುವ ಜಾಗದಿಂದ ಕಾಣುವ ನೋಟವನ್ನು ದಾಖಲಿಸುತ್ತದೆ. ಅದೇ ಹಾಳೆಯ ಹಿಂದೆ ಆ ಚಿತ್ರವನ್ನಿಟ್ಟು ಬೆಳಗಿಸಿದಾಗ ಕಿರಣಗಳು ಬಂದ ದಾರಿಯಲ್ಲೇ ಹಿಂತಿರುಗಿ, ವಸ್ತುವಿದ್ದಲ್ಲಿ ಅದರ ಬಿಂಬವನ್ನು ಕಟ್ಟುತ್ತವೆ; ಕನ್ನಡಕದ ಅಗತ್ಯವಿಲ್ಲ. ತೊಡಕು ಇರುವುದು ಇಲ್ಲಿಯೇ: ಆ ಬಿಂಬವನ್ನು ನಾವು ಅದರ ಬೆನ್ನ ಕಡೆಯಿಂದ ನೋಡುವುದರಿಂದ, ಫಲಕಕ್ಕೆ ಹತ್ತಿರವಿದ್ದ ಮೂಗು ನಮಗೆ ಎಲ್ಲಕ್ಕಿಂತ ದೂರವಾಗಿ, ಮುಖವು ಒಳಕ್ಕೆ ತಗ್ಗಿದ ಅಚ್ಚಿನಂತೆ ಕಾಣುತ್ತದೆ. ಆ ಚಿತ್ರವನ್ನೇ ಮತ್ತೊಮ್ಮೆ ಚಿತ್ರೀಕರಿಸಿ ಆಳವನ್ನು ಸರಿಪಡಿಸಬಹುದೆಂದು 1931ರಲ್ಲಿ ಹರ್ಬರ್ಟ್ ಐವ್ಸ್ ತೋರಿಸಿದರು.

ಲಿಪ್‌ಮನ್ ಅವರಿಗೆ ಅದೇ 1908ರಲ್ಲಿ ನೊಬೆಲ್ ಬಂದದ್ದು ಮಾತ್ರ ಬೇರೆ ಕೆಲಸಕ್ಕೆ: ಬೆಳಕಿನ ಅಲೆಗಳ ವ್ಯತಿಕರಣವನ್ನು (ಅಲೆಗಳು ಒಂದರೊಡನೊಂದು ಕೂಡಿದಾಗ ಕೆಲವೆಡೆ ಬಲಗೊಂಡು ಕೆಲವೆಡೆ ಅಳಿಯುವುದನ್ನು) ಫಲಕದ ಲೇಪದ ದಪ್ಪದೊಳಗೆ ಪದರಗಳಾಗಿ ಹಿಡಿದಿಟ್ಟು ಬಣ್ಣವನ್ನು ದಾಖಲಿಸುವ ವಿಧಾನಕ್ಕೆ. ಡೆನಿಸ್ ಗಬೋರ್ 1940ರ ದಶಕದ ಕೊನೆಯಲ್ಲಿ ರೂಪಿಸಿದ, ವಸ್ತುವಿನಿಂದ ಬರುವ ಬೆಳಕಿನ ಅಲೆಯನ್ನೇ ದಾಖಲಿಸುವ ಹಾಲೋಗ್ರಫಿಯೊಡನೆ ಆ ಹಳೆಯ ವಿಧಾನವನ್ನು ಬೆಸೆದವರು ಸೋವಿಯತ್ ಒಕ್ಕೂಟದ ಯೂರಿ ಡೆನಿಸ್ಯುಕ್. ಅವರ ಹಾಲೋಗ್ರಾಂಗಳನ್ನು ಸಾಧಾರಣ ಬಿಳಿ ಬೆಳಕಿನಲ್ಲೂ ನೋಡಬಹುದು. ಹೀಗೆ ಬೇರೆ ಬೇರೆ ಎಂದು ತೋರುವ ಎರಡು ದಾರಿಗಳ ಹಿಂದೆಯೂ ಒಬ್ಬರೇ ನಿಂತಿದ್ದಾರೆ.

ಮಸೂರದ ಹಾಳೆ ಕಿರಣದ ದಿಕ್ಕನ್ನಷ್ಟೇ ಉಳಿಸಿಕೊಂಡರೆ ಹಾಲೋಗ್ರಾಂ ಅಲೆಯನ್ನೇ ಉಳಿಸಿಕೊಳ್ಳುತ್ತದೆ. ವಸ್ತುವಿನಿಂದ ಚದುರಿ ಬಂದ ಲೇಸರ್ ಬೆಳಕೂ ಅದೇ ಲೇಸರ್‌ನಿಂದ ನೇರವಾಗಿ ಬಂದ ಬೆಳಕೂ ಫಲಕದ ಮೇಲೆ ಕೂಡಿದಾಗ ಸೂಕ್ಷ್ಮವಾದ ಪಟ್ಟೆಗಳು ಮೂಡುತ್ತವೆ. ಎರಡರ ನಡುವಿನ ಕೋನ 30 ಡಿಗ್ರಿ ಇದ್ದರೆ, ಹೀಲಿಯಂ-ನಿಯಾನ್ ಲೇಸರ್‌ನ ಕೆಂಪು ಬೆಳಕಿನಲ್ಲಿ ಪಟ್ಟೆಯಿಂದ ಪಟ್ಟೆಗೆ ಸುಮಾರು 1.2 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತರ. ಚಿತ್ರೀಕರಣದ ವೇಳೆ ವಸ್ತು ಅರ್ಧ ಮೈಕ್ರಾನ್ ಅಲುಗಿದರೂ ಪಟ್ಟೆಗಳು ಅಳಿಸಿಹೋಗಬಹುದಾದ್ದರಿಂದ ಇಡೀ ಸಲಕರಣೆಯನ್ನು ಕಂಪನ ತಟ್ಟದ ಭಾರವಾದ ಮೇಜಿನ ಮೇಲಿಡುತ್ತಾರೆ.

ಪರದೆಯ ಮೇಲೆ ಚಲಿಸುವ ಚಿತ್ರ ಬೇಕೆಂದಾಗ ಎರಡೂ ದಾರಿಗಳು ಕಠಿಣವಾಗುತ್ತವೆ. 3840×2160 ಪಿಕ್ಸೆಲ್‌ಗಳ ಪರದೆಯಲ್ಲಿ ಪ್ರತಿ ಮಸೂರಕ್ಕೂ 20×20 ಪಿಕ್ಸೆಲ್‌ಗಳನ್ನು ಕೊಟ್ಟರೆ ನೋಡುಗರಿಗೆ ಉಳಿಯುವುದು 192×108 ಬಿಂದುಗಳ ಚಿತ್ರ. ದಿಕ್ಕುಗಳು ಹೆಚ್ಚಿದಷ್ಟೂ ಸ್ಪಷ್ಟತೆ ಕುಗ್ಗುತ್ತದೆ. ಹಾಲೋಗ್ರಾಂ ಪರದೆಯ ಸಂಕಷ್ಟ ಇನ್ನೂ ದೊಡ್ಡದು. ಪಿಕ್ಸೆಲ್‌ಗಳ ಅಂತರ 8 ಮೈಕ್ರಾನ್ ಇದ್ದರೆ ಚಿತ್ರ ಕಾಣುವುದು ನಾಲ್ಕೈದು ಡಿಗ್ರಿಗಳ ಕಿಂಡಿಯಲ್ಲಿ ಮಾತ್ರ, ತಲೆ ತುಸು ಸರಿಸಿದರೆ ಅದು ಮಾಯವಾಗುತ್ತದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ಪ್ರಯೋಗಾಲಯವು ಕನ್ನಡಕವಿಲ್ಲದ ದೂರದರ್ಶನಕ್ಕಾಗಿ ಮಸೂರದ ಹಾಳೆಯ ದಾರಿಯಲ್ಲಿ ವರ್ಷಗಟ್ಟಲೆ ದುಡಿದಿರುವುದು ಈ ಲೆಕ್ಕಾಚಾರದ ಬೆಳಕಿನಲ್ಲಿ ನನಗೆ ಸಹಜವಾಗಿಯೇ ಕಾಣುತ್ತದೆ.