ಸಿರುಗುಪ್ಪದ ಮಾಳಿಗೆಯ ಮೇಲೆ ರೇಡಿಯೊ ಹುಡುಕಾಟ

2018ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಬಂದ ಒಂದು ಶನಿವಾರ ಸಂಜೆ, ದೊಡ್ಡಪ್ಪನ ರೇಡಿಯೊ ನೋಡುವುದಕ್ಕೆಂದೇ ಬಳ್ಳಾರಿಯಿಂದ ಸಿರುಗುಪ್ಪ ತಾಲ್ಲೂಕಿನ ನಮ್ಮ ಊರಿಗೆ ಹೋಗಿದ್ದೆ. “ಧಾರವಾಡ ಹೋತಪ್ಪ, ಬರೇ ಗೊರಗೊರ ಅಂತೈತಿ. ಸ್ಟೇಷನ್ನೇ ಬಂದ್ ಮಾಡ್ಯಾರೇನು ನೋಡು” ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದುದು ಅದೇ ಮೊದಲಾಗಿರಲಿಲ್ಲ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಹೀಗಾಗಿ ಮೋಟಾರಿನ ಸ್ಟಾರ್ಟರಿನಿಂದ ಹಿಡಿದು ಮಿಕ್ಸರಿನವರೆಗೆ ಊರಿನಲ್ಲಿ ಕೆಟ್ಟದ್ದೆಲ್ಲ ನನ್ನ ಪಾಲಿಗೆ ಬರುತ್ತದೆ, ಅದರಲ್ಲಿ ಬಹುಪಾಲು ನನಗೆ ತಿಳಿಯದ್ದೇ ಇರುತ್ತದೆ. ರೇಡಿಯೊ ಮಾತ್ರ ನನಗೆ ಇಷ್ಟದ ವಿಷಯವಾದ್ದರಿಂದ ಒಂದು ನೋಟುಪುಸ್ತಕವನ್ನೂ ಹೊಸ ಶೆಲ್ಲುಗಳನ್ನೂ ಚೀಲದಲ್ಲಿ ಹಾಕಿಕೊಂಡೇ ಹೊರಟಿದ್ದೆ.

ರೇಡಿಯೊ ಕೇಳುವವರ ಕಣ್ಣಿನಿಂದ ನೋಡಿದರೆ ನಮ್ಮ ಊರು ಒಂದು ವಿಚಿತ್ರವಾದ ಜಾಗದಲ್ಲಿದೆ. ತುಂಗಭದ್ರೆ ದಾಟಿದರೆ ಸಿಂಧನೂರಿನ ಸೀಮೆ, ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಆದವಾನಿ, ತೆಂಕಣಕ್ಕೆ ಬಳ್ಳಾರಿ. ಈ ದಂಡೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಆಚೆಯ ದಂಡೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದಿನದಾಗಿತ್ತು. ಆದ್ದರಿಂದ ಒಂದೇ ನೀರು ಕುಡಿದ ಎರಡು ಊರುಗಳ ಹಿರಿಯರಲ್ಲಿ ಒಬ್ಬರು ಮದ್ರಾಸ್ ಕೇಂದ್ರದ ಮಾತೆತ್ತಿದರೆ ಇನ್ನೊಬ್ಬರು ನಿಜಾಮರ ಕಾಲದ ಡೆಕ್ಕನ್ ರೇಡಿಯೊದ ಮಾತೆತ್ತುವುದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಆಮೇಲೆ ಎರಡು ದಂಡೆಯವರಿಗೂ ಸಮಾನವಾಗಿ ಒದಗಿದ್ದು 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ. ಹೊಸಪೇಟೆ, ರಾಯಚೂರುಗಳಲ್ಲಿ ಎಫ್‌ಎಂ ಕೇಂದ್ರಗಳು ಬಂದದ್ದು ಎಷ್ಟೋ ಕಾಲದ ನಂತರ. ಅವೆರಡೂ ನಮ್ಮವೇ ಆದರೂ ಎರಡಕ್ಕೂ ನಾವು ಸೀಮೆಯ ಅಂಚಿನವರೇ.

ದೊಡ್ಡಪ್ಪನ ರೇಡಿಯೊ ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ ಇರುವ ಹಳೆಯ ಟ್ರಾನ್ಸಿಸ್ಟರ್. ಎಫ್‌ಎಂಗೆಂದು ಮಗ ತಂದುಕೊಟ್ಟ ಚಿಕ್ಕ ಸೆಟ್ಟು ಬೇರೆ ಇದೆ. ಹಳೆಯದರ ಗಾಜಿನ ಮೇಲೆ, ಮುಳ್ಳು ಓಡಾಡುವ ಪಟ್ಟಿಯಲ್ಲಿ, ಬ್ಲೇಡಿನಿಂದ ಕೊರೆದ ಎರಡು ಗೀರುಗಳು ಒಂದಕ್ಕೊಂದು ತೀರ ಹತ್ತಿರ ಇವೆ. ಒಂದು ಗೀರು ಮೊದಲಿನ ಧಾರವಾಡ, ಇನ್ನೊಂದು ಆಮೇಲಿನ ಧಾರವಾಡ ಎಂದು ದೊಡ್ಡಪ್ಪ ವಿವರಿಸಿದರು. ತಾವು ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ ಒಂದು ದಿನ ಇದ್ದಕ್ಕಿದ್ದಂತೆ ಮುಳ್ಳು ಸ್ವಲ್ಪ ಸರಿಸಬೇಕಾಗಿ ಬಂತೆಂದೂ, ಊರಿನಲ್ಲಿ ಕೆಲವರು ತಮ್ಮ ಸೆಟ್ಟೇ ಕೆಟ್ಟಿತೆಂದು ರಿಪೇರಿಗೆ ಒಯ್ದರೆಂದೂ ನಗುತ್ತ ಹೇಳಿದರು. ಅದು 1978ರ ನವೆಂಬರ್ 23 ಇರಬೇಕು. ಜಿನೀವಾದಲ್ಲಿ 1975ರಲ್ಲಿ ದೇಶಗಳು ಒಪ್ಪಿಕೊಂಡ ಯೋಜನೆಯೊಂದು ಆ ದಿನ ಜಾರಿಗೆ ಬಂದು, ಅಮೆರಿಕ ಖಂಡಗಳನ್ನು ಬಿಟ್ಟು ಉಳಿದ ಜಗತ್ತಿನಲ್ಲೆಲ್ಲ ಮೀಡಿಯಂ ವೇವ್ ಕೇಂದ್ರಗಳು ಒಂಬತ್ತು ಕಿಲೋಹರ್ಟ್ಸ್ ಅಂತರದ ಹೊಸ ಜಾಗಗಳಿಗೆ ಸರಿದವು. ಧಾರವಾಡದ 765, ಬೆಂಗಳೂರಿನ 612, ಕಲಬುರಗಿಯ 1107, ಹೈದರಾಬಾದಿನ 738, ಯಾವುದನ್ನು ತೆಗೆದುಕೊಂಡರೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗರು ಲೆಕ್ಕ ಹಾಕಿ ನೋಡುತ್ತಾರೆ, ದೊಡ್ಡಪ್ಪ ಮಾತ್ರ ಲೆಕ್ಕ ಹಾಕದೆ ಗೀರು ಕೊರೆದಿದ್ದರು.

ಊಟ ಮುಗಿಸಿ ಮಾಳಿಗೆಯ ಮೇಲೆ ಹೋಗಿ ಕುಳಿತಾಗ ರಾತ್ರಿ ಒಂಬತ್ತು ದಾಟಿತ್ತು. ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನಿಂದಲೇ ಹುಟ್ಟುವ ಒಂದು ಪದರ ಹಗಲಿನಲ್ಲಿ ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಕ್ಕೆ ಹೋಗಿ ಅಲ್ಲಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಅದಕ್ಕೇ ಆ ಹೊತ್ತಿನಲ್ಲಿ ಬೆಂಗಳೂರು ನಮ್ಮ ಪಕ್ಕದ ಓಣಿಯಲ್ಲೇ ಇದ್ದಷ್ಟು ಸ್ಪಷ್ಟವಾಗಿ ಬಂತು, ಹೈದರಾಬಾದ್ ಏರುತ್ತ ಇಳಿಯುತ್ತ ಬಂತು, ಅವುಗಳ ನಡುವೆ ಹಿಂದಿ, ತಮಿಳು, ನನಗೆ ಗುರುತು ಸಿಗದ ಇನ್ನೊಂದು ಭಾಷೆ ಎಲ್ಲವೂ ಬಂದುಹೋದವು. ಎರಡನೆಯ ಗೀರಿನ ಹತ್ತಿರ ಧಾರವಾಡವೂ ಇತ್ತು. ಮಾಳಿಗೆಯ ಮೇಲೆ ತೊಂದರೆಯಿಲ್ಲದೆ ಕೇಳಿಸುತ್ತಿದ್ದ ಅದು, ಸೆಟ್ಟು ಹಿಡಿದುಕೊಂಡು ಮೆಟ್ಟಿಲಿಳಿದು ಪಡಸಾಲೆಗೆ ಬಂದರೆ ಗೊರಗೊರದಲ್ಲಿ ಮುಳುಗಿಹೋಗುತ್ತಿತ್ತು. ಆಗಲೇ ನನಗೆ ಅನುಮಾನ ಬಂದರೂ ಬೆಳಗಾಗಲಿ ಎಂದು ಸುಮ್ಮನಾದೆ.

ಮರುದಿನ ಬೆಳಕು ಹರಿಯುವ ಮೊದಲು ಎದ್ದು ಚಿಕ್ಕ ಸೆಟ್ಟಿನ ಏರಿಯಲ್ ಎಳೆದು ಎಫ್‌ಎಂ ತಿರುಗಿಸಿದೆ. ಕೊಯ್ಲು ಮುಗಿದ ಗದ್ದೆಗಳ ಮೇಲೆ ಮಂಜು ಕೂತಿತ್ತು. ಅಂಥ ಗಾಳಿಯಿಲ್ಲದ ಚಳಿಯ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೂ ಅದರ ಮೇಲಿನದು ಬೆಚ್ಚಗೂ ಇರುವುದರಿಂದ ಎಫ್‌ಎಂ ಅಲೆಗಳು ನೇರವಾಗಿ ಹೋಗದೆ ಭೂಮಿಯ ವಕ್ರತೆಯನ್ನು ಅನುಸರಿಸಿ ಬಾಗುತ್ತವೆ, ಸಾಮಾನ್ಯವಾಗಿ ಕೇಳದ ಕೇಂದ್ರಗಳೂ ಆಗ ಕೇಳುತ್ತವೆ. ಹೊಸಪೇಟೆಯ 100.5ರಲ್ಲಿ ಸುಪ್ರಭಾತ ಹಿಡಿಯಿತು. ಇನ್ನೊಂದು ಜಾಗದಲ್ಲಿ ಮಾತ್ರ ಕನ್ನಡದ ಭಕ್ತಿಗೀತೆಯೊಂದು ನಡೆಯುತ್ತಿದ್ದಂತೆಯೇ ಅದು ಕಡಿದುಹೋಗಿ ತೆಲುಗಿನ ಮಾತು ಬಂದು, ಅರ್ಧ ನಿಮಿಷಕ್ಕೆ ಮತ್ತೆ ಕನ್ನಡ ಬಂತು. ಮೀಡಿಯಂ ವೇವ್‌ನಲ್ಲಿ ಎರಡು ಕೇಂದ್ರಗಳು ಎದುರಾದರೆ ಎರಡೂ ಕಲಸಿ ಕೇಳುತ್ತವೆ. ಎಫ್‌ಎಂ ಹಾಗಲ್ಲ, ಸ್ವಲ್ಪ ಬಲಶಾಲಿಯಾದದ್ದು ಇನ್ನೊಂದನ್ನು ಪೂರ್ತಿ ಅಡಗಿಸಿಬಿಡುತ್ತದೆ. ಗಡಿಯ ಈ ಊರಿನಲ್ಲಿ ಬೆಳಗಿನ ಮೊದಲ ಭಾಷೆ ಯಾವುದಾಗಬೇಕೆಂಬುದನ್ನು ಮಂಜು ತೀರ್ಮಾನಿಸುತ್ತಿತ್ತೆನ್ನಬಹುದು. ನಮ್ಮ ಮನೆಯಲ್ಲಿ ಅದರಿಂದ ಯಾರಿಗೂ ಬೇಸರವಿಲ್ಲ, ದೊಡ್ಡಮ್ಮನ ತವರು ಆದವಾನಿಯ ಕಡೆಯದು. ಅವರಿಗೆ ಎರಡೂ ಮನೆಮಾತೇ.

ಬಿಸಿಲು ಏರಿದ ಮೇಲೆ ಧಾರವಾಡದ ಪ್ರಶ್ನೆಗೆ ಕೈಹಾಕಿದೆ. ಹಗಲಿನಲ್ಲಿ ಮೀಡಿಯಂ ವೇವ್ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ನೆಲ ಹಸಿಯಿದ್ದಷ್ಟೂ ಅದು ದೂರ ಹೋಗುವುದರಿಂದ, ಕಾಲುವೆಯ ನೀರು ಕುಡಿದ ನಮ್ಮ ಎರೆಭೂಮಿ ಅದಕ್ಕೆ ಅನುಕೂಲದ್ದೇ. ಧಾರವಾಡದ ಪ್ರೇಷಕದ, ಅಂದರೆ ಟ್ರಾನ್ಸ್‌ಮಿಟರಿನ, ಶಕ್ತಿ 200 ಕಿಲೋವ್ಯಾಟ್. ಸ್ಥಳೀಯ ಎಫ್‌ಎಂ ಕೇಂದ್ರಗಳ ಪ್ರೇಷಕಗಳು ಸಾಮಾನ್ಯವಾಗಿ ಅದರ ಒಂದು ಸಣ್ಣ ಪಾಲಿನಷ್ಟೇ ಇರುತ್ತವೆ. ಇಷ್ಟಿದ್ದೂ ಪಡಸಾಲೆಯಲ್ಲಿ ಗೊರಗೊರ. ದೊಡ್ಡಪ್ಪನಿಗೆ ಹೇಳಿ ಮೇನ್ ಸ್ವಿಚ್ ಇಳಿಸಿದೆ. ಗೊರಗೊರ ಅರ್ಧಕ್ಕರ್ಧ ಕಡಿಮೆಯಾಗಿ, ಹೆಣ್ಣು ದನಿಯೊಂದು ಯಾವುದೋ ಜಿಲ್ಲೆಯ ಸುದ್ದಿಯನ್ನು ಹೇಳುತ್ತಿರುವುದು ಕೇಳಿಸಿತು. “ಬಂತಲ್ಲೋ!” ಎಂದು ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಸ್ವಿಚ್ ಮೇಲೆತ್ತಿ ಒಂದೊಂದೇ ಬಲ್ಬು ಹಚ್ಚಿ ಆರಿಸಿ ನೋಡಿದರೆ, ಹಿಂದಿನ ವರ್ಷ ಹಾಕಿಸಿದ ಅಗ್ಗದ ಎಲ್‌ಇಡಿ ಬಲ್ಬುಗಳೂ ಇನ್ವರ್ಟರೂ ಸಿಕ್ಕಿಬಿದ್ದವು. ಅವುಗಳೊಳಗಿನ ಚಿಕ್ಕ ಮಂಡಲಗಳು ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತ ಮೀಡಿಯಂ ವೇವ್ ಪಟ್ಟಿಯ ತುಂಬ ಗದ್ದಲವನ್ನು ಚೆಲ್ಲುತ್ತವೆ. ಉಳಿದ ಗದ್ದಲ ಪಕ್ಕದ ಮನೆಯದಾದ್ದರಿಂದ ಅದನ್ನು ಆರಿಸುವ ಅಧಿಕಾರ ನಮಗಿರಲಿಲ್ಲ. ಸೆಟ್ಟನ್ನು ಕಿಟಕಿಯ ಹತ್ತಿರ ಇಟ್ಟು, ಒಳಗೆ ಅಲೆಗಳನ್ನು ಹಿಡಿಯುವ ಫೆರೈಟ್ ಕಡ್ಡಿ ಗದ್ದಲದ ಕಡೆಗೆ ತುದಿಮಾಡಿ ನಿಲ್ಲುವಂತೆ ತಿರುಗಿಸಿದಾಗ ಅದೂ ಸಹಿಸುವಷ್ಟಾಯಿತು. ಕರೆಂಟು ಹೋದಾಗ ರೇಡಿಯೊ ಚೆನ್ನಾಗಿ ಕೇಳುತ್ತದೆಂದು ದೊಡ್ಡಮ್ಮ ಮೊದಲಿನಿಂದಲೂ ಹೇಳುತ್ತಲೇ ಇದ್ದರಂತೆ, ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇನ್ನೊಂದು ಸದ್ದಿನ ವಿಷಯವನ್ನೂ ದೊಡ್ಡಪ್ಪ ಕೇಳಿದರು. ದೊಡ್ಡ ಕೇಂದ್ರಗಳ ಪಕ್ಕದಲ್ಲೇ ಏರಿಳಿತವಿಲ್ಲದ, ಒಂದೇ ಸಮನೆ ಮೊರೆಯುವ ಒಂದು ಸದ್ದು ಬರುತ್ತದಲ್ಲ, ಅದೇನು ಎಂದು. ಅದು ಕೆಟ್ಟ ಸದ್ದಲ್ಲ, ಡಿಜಿಟಲ್ ಪ್ರಸಾರ. ಡಿಆರ್‌ಎಂ ಎಂಬ ಪದ್ಧತಿಗೆ ಹೊಂದುವಂತೆ ಆಕಾಶವಾಣಿಯ ಮೀಡಿಯಂ ವೇವ್ ಪ್ರೇಷಕಗಳನ್ನು ದೇಶದ ಹಲವು ಕಡೆ ಆ ವರ್ಷಗಳಲ್ಲಿ ಬದಲಿಸಲಾಗಿತ್ತು. ಹಳೆಯ ಮಾದರಿಯ ಪ್ರಸಾರದ ಪಕ್ಕಕ್ಕೇ ಸಂಕೇತಗಳ ರೂಪದಲ್ಲಿ ಹೊಸದೂ ಹೊರಡುತ್ತದೆ. ಹೊಸ ಸೆಟ್ಟಿನಲ್ಲಿ ಅದು ಎಫ್‌ಎಂನಷ್ಟೇ ನಿರ್ಮಲ, ಹಳೆಯ ಸೆಟ್ಟಿನಲ್ಲಿ ಬರೀ ಮೊರೆತ. ಹೊಸ ಸೆಟ್ಟು ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂಬ ಅವರ ಮುಂದಿನ ಪ್ರಶ್ನೆಗೆ ಬಳ್ಳಾರಿಯ ಅಂಗಡಿಗಳಲ್ಲಿ ನಾನು ಒಂದನ್ನೂ ಕಂಡಿಲ್ಲ ಎಂದೇ ಹೇಳಬೇಕಾಯಿತು. ಪ್ರೇಷಕಕ್ಕೆ ಹಾಕಿದ ದುಡ್ಡಿನ ಒಂದು ಚೂರನ್ನಾದರೂ ಸೆಟ್ಟುಗಳನ್ನು ಅಗ್ಗವಾಗಿಸಲು ಹಾಕಿದ್ದರೆ ಈ ಯೋಜನೆಗೆ ಕೇಳುಗರೂ ಇರುತ್ತಿದ್ದರು ಎಂಬುದು ನನ್ನ ಅಭಿಪ್ರಾಯ.

ಧಾರವಾಡ ಸಿಕ್ಕಿದ್ದರಿಂದ ಕೆಲಸ ಮುಗಿಯಿತೆಂದು ನಾನು ಎದ್ದರೆ ದೊಡ್ಡಪ್ಪ ಬಿಡಲಿಲ್ಲ. ಚಿಕ್ಕ ಸೆಟ್ಟನ್ನು ಮುಂದಿಟ್ಟು, ಅದರಲ್ಲಿ ತಾವು ದಿನಾ ಕೇಳುತ್ತಿದ್ದ ಒಂದು ಕೇಂದ್ರದ ಮೇಲೆ ತಮಗಿದ್ದ ದೂರನ್ನು ಹೇಳತೊಡಗಿದರು. ಅಲ್ಲಿ ಮುಳ್ಳು ಎಲ್ಲಿಗೂ ಸರಿದಿರಲಿಲ್ಲ, ಗೊರಗೊರವೂ ಇರಲಿಲ್ಲ. ರೈತರ ಮಾತು ಬರುತ್ತಿದ್ದ ಹೊತ್ತಿನಲ್ಲಿ ದೂರದ ಊರಿನ ಮರುಪ್ರಸಾರವೋ ಸಿನಿಮಾ ಹಾಡೋ ಬರುತ್ತಿತ್ತು. ಭತ್ತಕ್ಕೆ ಬೆಂಕಿರೋಗ ಬಂದಾಗ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದವರು ಅದೇ ಜಾಗದಲ್ಲಿ ಮಾತಾಡಿದ್ದನ್ನೂ, ಕಾಲುವೆಗೆ ನೀರು ಬಿಡುವ ತಾರೀಖನ್ನು ಮೊದಲು ಅಲ್ಲಿಯೇ ಕೇಳಿದ್ದನ್ನೂ ಅವರು ನೆನೆದರು. “ಹಾಡು ಮೊಬೈಲ್‌ನ್ಯಾಗೂ ಬರ್ತಾವಲ್ಲೋ. ಡ್ಯಾಮಿನ ನೀರಿನ ಲೆಕ್ಕ ಯಾರು ಹೇಳ್ತಾರ?” ಎಂದರು. ಆ ದಿನದ ಎರಡು ದೂರುಗಳಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇದು. ತರಂಗಾಂತರ ಬದಲಾದರೆ ಕೇಳುಗನು ಹುಡುಕಿಕೊಂಡು ಹೋಗಿ ಇನ್ನೊಂದು ಗೀರು ಕೊರೆದುಕೊಳ್ಳುತ್ತಾನೆ. ಕಾರ್ಯಕ್ರಮದ ಸ್ವರೂಪವೇ ಬದಲಾದಾಗ ಜಾಗ ಅದೇ ಇರುತ್ತದೆ, ಹೆಸರು ಅದೇ ಇರುತ್ತದೆ, ಹುಡುಕಬೇಕಾದದ್ದು ಏನೆಂದು ಮಾತ್ರ ತಿಳಿಯುವುದಿಲ್ಲ. ಸ್ಥಳೀಯ ಕೇಂದ್ರ ನಡೆಸುವುದಕ್ಕೆ ಉದ್ಘೋಷಕರು ಬೇಕು, ಊರೂರು ಸುತ್ತಿ ಧ್ವನಿಮುದ್ರಿಸುವವರು ಬೇಕು, ಅದಕ್ಕೆ ದುಡ್ಡು ಬೇಕು, ಮರುಪ್ರಸಾರಕ್ಕೆ ಇವು ಯಾವುವೂ ಬೇಡ ಎಂಬುದು ನನಗೂ ಗೊತ್ತಿದೆ. ಆದರೂ ತುಂಗಭದ್ರಾ ಜಲಾಶಯದ ಮಟ್ಟ 1633 ಅಡಿಯ ಪೂರ್ಣ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂಬ ಒಂದೇ ಒಂದು ವಾಕ್ಯ, ಬೇಸಿಗೆ ಬೆಳೆಗೆ ಸಸಿ ಹಾಕಬೇಕೋ ಬೇಡವೋ ಎಂದು ಕುಳಿತವನಿಗೆ ಒಂದು ಗಂಟೆಯ ಹಾಡಿಗಿಂತ ಹೆಚ್ಚಿನದು.

ಈ ಮಾತು ಮತ್ತೆ ಬಂದದ್ದು 2024ರ ಆಗಸ್ಟಿನಲ್ಲಿ. ಆ ತಿಂಗಳ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ನದಿ ದಂಡೆಯ ಊರುಗಳವರು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿದ ವಿಡಿಯೊಗಳಲ್ಲಿ ಯಾವುದು ನಿಜ, ಯಾವುದು ಯಾವ ವರ್ಷದ್ದು ಎಂದು ಹೇಳುವವರು ಯಾರೂ ಇರಲಿಲ್ಲ. ದೊಡ್ಡಪ್ಪ ಬೆಳಗಿನಿಂದ ಎರಡು ಸೆಟ್ಟನ್ನೂ ಹಚ್ಚಿಕೊಂಡು ಕೂತಿದ್ದರಂತೆ. ಸುದ್ದಿಯ ಹೊತ್ತಿನಲ್ಲಿ ಸುದ್ದಿ ಬಂತು, ನಡುವಿನ ಹೊತ್ತಿನಲ್ಲಿ ಎಂದಿನಂತೆ ಹಾಡು ಬಂತು. ಅದೇ ತಿಂಗಳ 28ರಂದು 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಬಳ್ಳಾರಿಯೂ ರಾಯಚೂರೂ ಇದ್ದವು. ನಾನು ಫೋನ್ ಮಾಡಿ ತಿಳಿಸಿದಾಗ ದೊಡ್ಡಪ್ಪ ಕೇಳಿದ್ದು ಎರಡೇ ಪ್ರಶ್ನೆ: ನಮ್ಮೂರಿಗೆ ಹಿಡಿಯುತ್ತದೆಯೇ, ನೀರಿನ ಲೆಕ್ಕ ಹೇಳುತ್ತಾರೆಯೇ.

ಮೊದಲನೆಯದಕ್ಕೆ, ಬಳ್ಳಾರಿ ಪೇಟೆಯನ್ನು ಉದ್ದೇಶಿಸಿದ ಪ್ರೇಷಕ ಐವತ್ತು ಕಿಲೋಮೀಟರಿಗೂ ಆಚೆ ಇರುವ ನಮಗೆ ಮಾಳಿಗೆಯ ಮೇಲೆ ಹಿಡಿದರೆ ಹಿಡಿದೀತು ಎಂದೆ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಖಾಸಗಿ ಎಫ್‌ಎಂಗಳು ತಮ್ಮದೇ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದಹಾಗೆ ಪ್ರಸಾರ ಮಾಡಬಹುದಷ್ಟೇ. ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಬೇಕೆಂದು 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಶಿಫಾರಸು ಮಾಡಿದೆ. ಆದರೆ ಹವಾಮಾನ, ನೀರು ಮತ್ತು ವಿದ್ಯುತ್ ಪೂರೈಕೆ, ಪ್ರಕೃತಿ ವಿಕೋಪದ ಪ್ರಕಟಣೆಗಳನ್ನು ಖಾಸಗಿ ಎಫ್‌ಎಂ ವಿಸ್ತರಣೆಯ ಮೂರನೆಯ ಹಂತದ ನಿಯಮಗಳು ಸುದ್ದಿಯೆಂದು ಎಣಿಸುವುದೇ ಇಲ್ಲ, ಅವನ್ನು ಯಾವ ಹೊತ್ತಿನಲ್ಲಾದರೂ ಹೇಳಬಹುದು. ಇಷ್ಟನ್ನೂ ಕೇಳಿಸಿಕೊಂಡ ದೊಡ್ಡಪ್ಪ, “ಹೇಳಬೌದು ಅಂದ್ರ ಹೇಳ್ತಾರ ಅಂತಲ್ಲಲ್ಲ” ಎಂದರು. ಅಲ್ಲ ಎಂದೆ. ಹರಾಜು ಹಿಡಿದವರು ಬಂದಮೇಲೆ ಅವರಿಗೆ ಒಂದು ಪತ್ರ ಬರೆಯಬೇಕು, ಒಕ್ಕಣೆ ನೀನು ಬರೆ, ಸಹಿ ಊರಿನವರೆಲ್ಲ ಹಾಕುತ್ತೇವೆ ಎಂದು ಹೇಳಿ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟರು.