ಸ್ಪಿತಿಗೆ ಹೊರಟವರು ಕುಂಜುಮ್ ಕಣಿವೆದಾರಿಯನ್ನು ಕೊನೆಗೆ ದಾಟಿ

ಹಿಮಾಚಲ ಪ್ರದೇಶದ ಲಾಹೌಲ್–ಸ್ಪಿತಿ ಜಿಲ್ಲೆಗೆ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಮನಾಲಿಯಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಒಂದೇ ದಿನದಲ್ಲಿ ತಲುಪಬಹುದಲ್ಲವೇ ಎಂಬುದು. ತಲುಪಬಹುದು. ನಾನೂ ಮೊದಲ ಸಲ ಹಾಗೆಯೇ ತಲುಪಿದೆ. ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಬೆಳಗಿನ ಚಹಾ, 4,551 ಮೀಟರ್ ಎತ್ತರದ ಕುಂಜುಮ್ ಕಣಿವೆದಾರಿಯಲ್ಲಿ ಮಧ್ಯಾಹ್ನ. ರಾತ್ರಿ ಕಾಜಾದಲ್ಲಿ ತಲೆಗೆ ಟವೆಲ್ ಬಿಗಿದುಕೊಂಡು, ಗೋಡೆಗೆ ಒರಗಿ ಕುಳಿತೇ ಬೆಳಕು ಹರಿಸಿದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡನೆಯ ಸಲ ಸೆಪ್ಟೆಂಬರ್‌ನಲ್ಲಿ ಶಿಮ್ಲಾ, ಪಕ್ಕದ ಕಿನ್ನೌರ್ ಜಿಲ್ಲೆ ಮೂಲಕ ಹೋಗಿ ಮನಾಲಿಗೆ ಇಳಿದೆ. ತಲೆನೋವಿನ ಸುಳಿವೂ ಇರಲಿಲ್ಲ. ದಾರಿ ಉದ್ದ, ಆದರೆ ಏರು ನಿಧಾನ.

ಈ ಜಿಲ್ಲೆಯ ಲೆಕ್ಕವೇ ಬೇರೆ. ವಿಸ್ತೀರ್ಣ ಸುಮಾರು 13,800 ಚದರ ಕಿ.ಮೀ., ಅಂದರೆ ನಮ್ಮ ಬೆಳಗಾವಿಗಿಂತ ತುಸು ಹೆಚ್ಚು. 2011ರ ಜನಗಣತಿಯಲ್ಲಿ ಬೆಳಗಾವಿಯ ಜನಸಂಖ್ಯೆ 47 ಲಕ್ಷ ದಾಟಿತ್ತು. ಇಲ್ಲಿ 31,564. ಚದರ ಕಿಲೋಮೀಟರಿಗೆ ಇಬ್ಬರು! ಟೈರ್ ಪಂಕ್ಚರ್ ಆದರೆ ಸಹಾಯಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಈ ಅಂಕಿಯಿಂದಲೇ ಊಹಿಸಿಕೊಳ್ಳಿ.

ಹೆಸರಿನಲ್ಲಿರುವ ಅಡ್ಡಗೆರೆ ನಿಜಕ್ಕೂ ಒಂದು ಬೆಟ್ಟಸಾಲು. ಅದರ ಆಚೆ ಲಾಹೌಲ್, ಚಂದ್ರಾ ಮತ್ತು ಭಾಗಾ ನದಿಗಳು ತಾಂಡಿಯಲ್ಲಿ ಕೂಡಿ ಮುಂದೆ ಚಿನಾಬ್ ಆಗುವ ಸೀಮೆ. ಈಚೆ ಸ್ಪಿತಿ, ಮಳೆಯೇ ಅಪರೂಪವಾದ ಬೂದುಬಣ್ಣದ ನಾಡು. ಇಲ್ಲಿನ ನದಿ ಖಾಬ್ ಬಳಿ ಸಟ್ಲೆಜ್ ಸೇರುತ್ತದೆ. ಎರಡನ್ನೂ ಜೋಡಿಸುವ ಕುಂಜುಮ್ ಚಳಿಗಾಲವಿಡೀ ಹಿಮದಡಿ ಮುಚ್ಚಿರುತ್ತದೆ. ಜಿಲ್ಲಾ ಕೇಂದ್ರ ಕೇಲಾಂಗ್ ಇರುವುದು ಲಾಹೌಲ್ ಕಡೆ. ಸ್ಪಿತಿಯಲ್ಲಿ ನಾನು ಉಳಿದಿದ್ದ ಮನೆಯ ಯಜಮಾನಿ ಒಲೆಗೆ ಒಣ ಸಗಣಿ ತುರುಕುತ್ತಾ, ಬೇಸಿಗೆಯಲ್ಲಿ ಕೇಲಾಂಗ್ ಒಂದು ದಿನದ ದಾರಿ, ಜನವರಿಯಲ್ಲಿ ಹೋಗಬೇಕಾದರೆ ಶಿಮ್ಲಾ ಸುತ್ತಿ ಮನಾಲಿಗೆ ಬಂದು ಸುರಂಗ ದಾಟಬೇಕು ಎಂದರು. ಬೇಸಿಗೆಯಲ್ಲಿ 200 ಕಿ.ಮೀ. ಒಳಗಿರುವ ದಾರಿ ಆಗ 700 ದಾಟುತ್ತದೆ. ಕಾಜಾದಲ್ಲೇ ಹೆಚ್ಚುವರಿ ಜಿಲ್ಲಾಧಿಕಾರಿಯೊಬ್ಬರು ಕುಳಿತು ಸ್ಪಿತಿಯ ಆಡಳಿತ ನಡೆಸುವುದು ಏಕೆಂದು ಆಗ ತಿಳಿಯಿತು. 2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗ ಲಾಹೌಲಿಗೆ ವರವಾಯಿತು. ಕುಂಜುಮ್‌ನ ಹಿಮ ಮಾತ್ರ ಮೊದಲಿನಂತೆಯೇ ಬೀಳುತ್ತದೆ.

ದಾರಿಯ ಮಾತಿಗೆ ಬರುತ್ತೇನೆ. ಶಿಮ್ಲಾದಿಂದ ಕಿನ್ನೌರ್‌ನ ಜಿಲ್ಲಾ ಕೇಂದ್ರ ರೆಕಾಂಗ್ ಪಿಯೋ ತಲುಪಿ, ಮೇಲಿನ ಕಲ್ಪಾದಲ್ಲಿ ಎರಡು ರಾತ್ರಿ ಕಳೆಯಿರಿ. ಎದುರಿಗೇ ಕಿನ್ನರ ಕೈಲಾಸ ಪರ್ವತ, ಕೈಗೆಟುಕುವಷ್ಟು ಕೆಳಗೆ ಸೇಬು. (ಕೈಗೆಟುಕಿದರೂ ಕೀಳಬೇಡಿ, ಅದು ಒಬ್ಬರ ವರ್ಷದ ಗಳಿಕೆ.) ಆಮೇಲೆ ನಾಕೋ ಅಥವಾ ತಾಬೋದಲ್ಲಿ ಒಂದು ರಾತ್ರಿ, ಅನಂತರ ಕಾಜಾ. ತಾಬೋದ ಮಠ ಸ್ಥಾಪನೆಯಾದದ್ದು 996ರಲ್ಲಿ. ಹೊರಗಿನಿಂದ ಬರೀ ಮಣ್ಣಿನ ಗುಡ್ಡೆಯಂತೆ ಕಾಣುತ್ತದೆ. ಒಳಗಿನ ಚಿತ್ರಗಳನ್ನು ನೋಡಲು ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಲ್ಲಬೇಕು, ಒಳಗೆ ಫೋಟೊ ತೆಗೆಯುವಂತಿಲ್ಲ. ನಾಕೋ ಸಮೀಪದ ಮಲಿಂಗ್ ನಾಲಾದಲ್ಲಿ ಗುಡ್ಡ ಜರಿಯುವುದು ಮಾಮೂಲು. ಹಾಗಾಗಿ ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಲ್ಲದಿದ್ದರೆ ವಿಮಾನದ ಟಿಕೆಟ್ ಕಾಯ್ದಿರಿಸಬೇಡಿ.

ಭಾರತೀಯರಿಗೆ ಗುರುತಿನ ಚೀಟಿ ಸಾಕು. ಆದರೆ ಅಮೆರಿಕದಿಂದ ಬಂದ ಮಗ, ಮೊಮ್ಮಕ್ಕಳ ಬಳಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ, ಕಿನ್ನೌರ್–ಸ್ಪಿತಿ ನಡುವಿನ ದಾರಿಗೆ ಪರವಾನಗಿ ಬೇಕು. ರೆಕಾಂಗ್ ಪಿಯೋದಲ್ಲಿ ಮಾಡಿಸಬಹುದು. ಶನಿವಾರ ಸಂಜೆ ಅಲ್ಲಿಗೆ ತಲುಪಿ ಪೇಚಾಡಬೇಡಿ. ನಗದು ಜೊತೆಗಿರಲಿ. ಕಾಜಾದ ಎಟಿಎಂ ನನಗೆ ಎರಡು ದಿನ ಬರೀ ಕ್ಷಮೆ ಕೇಳಿತು.

ಕಾಜಾ ಸಮೀಪದ ಕೀ ಮಠದಲ್ಲಿ ಬೆಣ್ಣೆ ಚಹಾ ಕೊಟ್ಟ ಯುವ ಭಿಕ್ಷು, ಬೆಂಗಳೂರು ಎಂದು ಕೇಳಿದ ಕೂಡಲೇ "ಊಟ ಆಯಿತಾ?" ಎಂದು ಕನ್ನಡದಲ್ಲೇ ವಿಚಾರಿಸಿದ! ಮುಂಡಗೋಡದ ಟಿಬೆಟನ್ ಮಠದಲ್ಲಿ ಆರು ವರ್ಷ ಓದಿದವನಂತೆ. ಅಲ್ಲಿನ ಸೆಕೆ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲವಂತೆ. ಉಪ್ಪು ಬೆರೆತ ಆ ಚಹಾವನ್ನು ಸಾರು ಎಂದುಕೊಂಡು ಕುಡಿಯಿರಿ, ರುಚಿಸುತ್ತದೆ.

ಮನಾಲಿ ಕಡೆಗೆ ಮರಳುವಾಗ ಕಾಜಾದಲ್ಲೇ ಟ್ಯಾಂಕ್ ತುಂಬಿಸಿ, ನಸುಕಿನಲ್ಲೇ ಹೊರಡಿ. ಕುಂಜುಮ್ ಇಳಿದ ಮೇಲೆ ಬಾತಾಲ್‌ನಿಂದ ಗ್ರಾಂಫೂವರೆಗೆ ರಸ್ತೆ ಎನ್ನುವುದು ಹೆಸರಿಗಷ್ಟೇ. ಬಿಸಿಲೇರಿದಂತೆ ಹಿಮ ಕರಗಿ ತೊರೆಗಳು ಉಬ್ಬುತ್ತವೆ, ಬೆಳಗ್ಗೆ ಕಾಲು ಮುಳುಗುವ ನೀರಿನಲ್ಲಿ ಮಧ್ಯಾಹ್ನ ಕಾರು ಸಿಕ್ಕಿಬೀಳುತ್ತದೆ. ಕುಂಜುಮ್ ನೆತ್ತಿಯಲ್ಲಿ ದೇವಿಯ ಗುಡಿಗೆ ಒಂದು ಸುತ್ತು ಹಾಕದೆ ಅಲ್ಲಿನ ಚಾಲಕರು ಮುಂದೆ ಹೋಗುವುದಿಲ್ಲ. ನಮ್ಮ ಬಸ್ಸೂ ಹಾಕಿತು. ನಿದ್ದೆಯಲ್ಲಿದ್ದ ಪಕ್ಕದ ಅಜ್ಜ ಕಣ್ಣು ತೆರೆಯದೆಯೇ ಕೈ ಜೋಡಿಸಿದರು.