ಅಷ್ಟು ಸಣ್ಣ ಊರಲ್ಲಿ ನೋಡೋಕೆ ಏನಿದೆ?

ನಾನಿರುವುದು ಮ್ಯೂನಿಕ್‌ನಲ್ಲಿ. ಊರಿಂದ ಬರುವ ನೆಂಟರೆಲ್ಲ ಕೇಳುವ ಪ್ರಶ್ನೆ ಒಂದೇ: "ಪ್ಯಾರಿಸ್, ರೋಮ್ ಬಿಟ್ಟು ಆ ಸಣ್ಣ ಊರಿಗೆ ಯಾಕೆ ಕರ್ಕೊಂಡು ಹೋಗ್ತೀಯಾ? ಅಲ್ಲಿ ನೋಡೋಕೆ ಏನಿದೆ?"

ಆ ಊರು ನೋರ್ಡ್ಲಿಂಗೆನ್. ಮ್ಯೂನಿಕ್ ಇರುವ ಜರ್ಮನಿಯ ಬವೇರಿಯಾ ರಾಜ್ಯದಲ್ಲೇ ಇದೆ, ಜನ ಸುಮಾರು 20 ಸಾವಿರ. ಅಲ್ಲಿ ನೋಡಬೇಕಾದದ್ದು ಊರನ್ನೇ. ಪ್ಯಾರಿಸ್‌ನಲ್ಲಿ ನಾಲ್ಕು ದಿನ ಓಡಾಡಿದರೂ ನೋಡುವುದು ಕೆಲವು ಜಾಗಗಳನ್ನು ಮಾತ್ರ. ಇಲ್ಲಿ ಒಂದು ಬೆಳಿಗ್ಗೆಯಲ್ಲಿ ಇಡೀ ಹಳೇ ಊರು ಸಿಗುತ್ತದೆ.

ಊರು ಸುತ್ತುವುದು ಅಂತೀವಲ್ಲ, ಇಲ್ಲಿ ನಿಜಕ್ಕೂ ಸುತ್ತಬಹುದು. ಹಳೇ ಊರನ್ನು ಬಳಸಿಕೊಂಡು ಕೋಟೆಗೋಡೆ ಇದೆ. ಅದರ ಮೇಲೆ ಮಾಡು ಹೊದಿಸಿದ ದಾರಿ, ಸುಮಾರು 2.7 ಕಿಲೋಮೀಟರ್, ಎಲ್ಲೂ ತುಂಡಾಗಿಲ್ಲ. ಐದು ಹೆಬ್ಬಾಗಿಲುಗಳು. ಒಂದು ಕಡೆ ಜನರ ಹಿತ್ತಿಲು, ಒಣಹಾಕಿದ ಬಟ್ಟೆ. ಗೋಡೆಗೇ ಆತುಕೊಂಡ ಪುಟ್ಟ ಮನೆಗಳೂ ಇವೆ. ನನಗೆ ತುಂಬಾ ಇಷ್ಟವಾಗುವುದು ಇದೇ. ಪ್ರವಾಸಿಗಳಿಗಾಗಿ ಸಿಂಗರಿಸಿಟ್ಟ ಊರಲ್ಲ, ಜನ ಬಾಳುತ್ತಿರುವ ಊರು.

ಇದು ಹೀಗೆ ಉಳಿದದ್ದರ ಹಿಂದೆ ಕಷ್ಟದ ಕಥೆಯೂ ಇದೆ. ಒಂದು ಕಾಲಕ್ಕೆ ಇಲ್ಲಿನ ಜಾತ್ರೆಗೆ ದೂರದೂರದ ವ್ಯಾಪಾರಿಗಳು ಬರುತ್ತಿದ್ದರು. ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ (1618–48), 1634ರಲ್ಲಿ, ಊರಿನ ಹತ್ತಿರವೇ ದೊಡ್ಡ ಕಾಳಗ ನಡೆಯಿತು. ಆಮೇಲೆ ವ್ಯಾಪಾರ ಮೊದಲಿನಂತೆ ಚೇತರಿಸಿಕೊಳ್ಳಲಿಲ್ಲ. ಊರು ಶತಮಾನಗಳ ಕಾಲ ಗೋಡೆ ದಾಟಿ ಬೆಳೆಯಲಿಲ್ಲ.

ಊರ ನಡುವೆ ಸಂತ ಜಾರ್ಜ್ ಚರ್ಚು. ಅದರ ಗೋಪುರಕ್ಕೆ ಪ್ರೀತಿಯಿಂದ ಡೇನಿಯಲ್ ಅಂತಾರೆ. 90 ಮೀಟರ್ ಎತ್ತರ, 350 ಮೆಟ್ಟಿಲು. ಹತ್ತಿ ನಿಂತರೆ ಕೆಳಗೆ ದುಂಡಗಿನ ಊರು, ಅದರಾಚೆ ಹೊಲಗದ್ದೆ, ದೂರದಲ್ಲಿ ಸುತ್ತಲೂ ಗುಡ್ಡದ ಸಾಲು. ಆ ಗುಡ್ಡಗಳು ಒಂದು ಕುಳಿಯ ಅಂಚು! ಸುಮಾರು 1.5 ಕೋಟಿ ವರ್ಷದ ಹಿಂದೆ ಆಕಾಶದಿಂದ ಬಂಡೆ ಬಿದ್ದು ಆದ ಕುಳಿ, ಅಗಲ ಸುಮಾರು 25 ಕಿಲೋಮೀಟರ್. ಜ್ವಾಲಾಮುಖಿ ಅಂತಲೇ ಬಹಳ ಜನ ನಂಬಿದ್ದರು. 1960ರಲ್ಲಿ ಭೂವಿಜ್ಞಾನಿಗಳಾದ ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೋ ಇಲ್ಲಿನ ಕಲ್ಲು ಪರೀಕ್ಷಿಸಿ ನಿಜ ಹೇಳಿದರು. ಚರ್ಚು ಕಟ್ಟಿದ್ದೂ ಅದೇ ಕಲ್ಲಿನಿಂದ. ಆ ಕಲ್ಲಿನೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಹರಳುಗಳಿವೆ. ಚಂದ್ರನಲ್ಲಿಗೆ ಹೊರಟ ಅಪೊಲೊ 14ರ ಯಾತ್ರಿಗಳು 1970ರಲ್ಲಿ ಕಲ್ಲು ಗುರುತಿಸಲು ಕಲಿಯಲು ಇಲ್ಲಿಗೇ ಬಂದಿದ್ದರು.

ಗೋಪುರದಲ್ಲಿ ಈಗಲೂ ಕಾವಲುಗಾರ ಇದ್ದಾರೆ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ "ಸೋ, ಗ್ಸೆಲ್, ಸೋ" ("ಹೀಗೋ ಗೆಳೆಯಾ, ಹೀಗೋ" ಎಂಬಂತೆ) ಅಂತ ಕೂಗುತ್ತಾರೆ. 1440ರಲ್ಲಿ ಶತ್ರುವಿನಿಂದ ದುಡ್ಡು ತಿಂದ ಕಾವಲಿನವರು ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟಿದ್ದರಂತೆ. ಹಂದಿಯೊಂದು ಮೈ ಉಜ್ಜಿದಾಗ ಬಾಗಿಲು ಅಲುಗಾಡಿತು. ಅದನ್ನು ಕಂಡ ಹೆಂಗಸೊಬ್ಬಳು ಇದೇ ಮಾತು ಕೂಗಿ ಊರನ್ನು ಉಳಿಸಿದಳು ಅನ್ನುತ್ತಾರೆ ಇಲ್ಲಿಯವರು.

ಹೋದರೆ ಒಂದು ರಾತ್ರಿ ಉಳಿಯಿರಿ. ಸಂಜೆಯ ರೈಲು ಹತ್ತಿಬಿಟ್ಟರೆ ಆ ಕೂಗು ತಪ್ಪಿಹೋಗುತ್ತದೆ.